ಬನವಾಸಿಗೆ ಎರಡು ದಿನ: ಪಂಪ, ವರದೆ ದಂಡೆ, ಬೇಣದ ನಡಿಗೆ – ದಾರಿ ಹೇಳಿ

ಕಡಲ ಅಕ್ಕೋರು (ಕಾರವಾರ) ಕೇಳಿದ್ದು:

ನಮಸ್ಕಾರ. ನಮ್ಮ ಓದುಗರ ಬಳಗದ ಹನ್ನೊಂದು ಜನ ಫೆಬ್ರವರಿ ಕೊನೆಯ ಶನಿವಾರ, ಭಾನುವಾರ ಬನವಾಸಿಗೆ ಹೊರಟಿದ್ದೇವೆ. ಪಂಪಭಾರತದ ನಾಲ್ಕನೇ ಆಶ್ವಾಸ (ಅಧ್ಯಾಯ) ಓದಿ ಮುಗಿಸಿದ ಮೇಲೆ ಹುಟ್ಟಿದ ಆಸೆ. ಗುಂಪಿನಲ್ಲಿ ಮೂವರು ಅರವತ್ತೈದು ದಾಟಿದವರು, ಅವರಲ್ಲಿ ಒಬ್ಬರಿಗೆ ಮಂಡಿನೋವು. ಉಳಿದವರು ಎಂಟು-ಹತ್ತು ಕಿಲೋಮೀಟರ್ ನಡೆಯಬಲ್ಲರು.

ದೇವಸ್ಥಾನ ನೋಡಿ ಕೈಮುಗಿದು ಬರುವ ಪ್ರವಾಸ ಬೇಡ. ಪಂಪನಿಗೆ ಸಂಬಂಧಪಟ್ಟಿದ್ದು ಅಲ್ಲಿ ಏನಿದೆ? ಮಧುಕೇಶ್ವರ ಗುಡಿಯಲ್ಲಿ ಯಾವುದನ್ನು ಬಿಡಬಾರದು? ಒಂದು ಬೆಳಿಗ್ಗೆ ಹುಲ್ಲಿನ ಗುಡ್ಡದ ಮೇಲೆ ನಡೆಯಬೇಕೆಂದಿದೆ. ನಮ್ಮ ಕಡಲ ಬದಿಯವರಿಗೆ ಘಟ್ಟದ ಮೇಲಿನ ಬೇಣ (ಹುಲ್ಲುಗಾವಲು) ಅಂದರೆ ಕೇಳಿ ಗೊತ್ತು, ನಡೆದು ಗೊತ್ತಿಲ್ಲ. ಉಂಬಳ (ಜಿಗಣೆ), ಉಣುಗು (ಉಣ್ಣೆಹುಳ) ಅಂತ ಕೆಲವರು ಈಗಲೇ ಹೆದರಿದ್ದಾರೆ. ತಿಳಿದವರು ಹೇಳಿ.

ವರದೆ ದಂಡೆ (ಬನವಾಸಿ):

ಅಕ್ಕೋರೇ, ಪಂಪನದ್ದು ಅಂತ ಇಲ್ಲಿ ಒಂದು ಕಲ್ಲೂ ಇಲ್ಲ. ಇದನ್ನು ಹೊರಡುವ ಮುಂಚೆಯೇ ಎಲ್ಲರಿಗೂ ಹೇಳಿಬಿಡಿ, ಇಲ್ಲದಿದ್ದರೆ ಬಂದವರು 'ಪಂಪನ ಮನೆ ಎಲ್ಲಿ' ಎಂದು ಹುಡುಕುತ್ತಾರೆ. ಪಂಪ ಬನವಾಸಿಯಲ್ಲಿ ಹುಟ್ಟಿದ ಎನ್ನುವವರು ಇದ್ದಾರೆ, ಅದಕ್ಕೆ ಆಧಾರ ತೆಳು. ಅವನ ವಂಶದ ವಿವರ ಗಟ್ಟಿಯಾಗಿ ಸಿಕ್ಕಿದ್ದು ತೆಲಂಗಾಣದ ಕುರ್ಕ್ಯಾಲದ ಹತ್ತಿರ ಬೊಮ್ಮಲಗುಟ್ಟದ ಬಂಡೆ ಶಾಸನದಲ್ಲಿ. ಅದನ್ನು ಬರೆಸಿದವನು ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆ ಅದರಲ್ಲಿವೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ತಾಯಿಯ ಕಡೆ ಊರು ಅಣ್ಣಿಗೇರಿ. ಪಂಪ ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಪಂಪಭಾರತ ಮುಗಿದದ್ದು 941ರಲ್ಲಿ. ಅಂದರೆ ಬನವಾಸಿಯನ್ನು ಅವನು ಬರೆದದ್ದು ದೂರದಲ್ಲಿ ಕೂತು.

ಇನ್ನೊಂದು. ಅವನು ಹೇಳುವುದು 'ಬನವಾಸಿ ದೇಶ'. ಆ ಕಾಲದ ಬನವಾಸಿ ಪನ್ನಿರ್ಛಾಸಿರ, ಹನ್ನೆರಡು ಸಾವಿರದ ನಾಡು. ಇಂದಿನ ಶಿರಸಿ, ಸೊರಬ, ಶಿಕಾರಿಪುರ ಕಡೆಯೆಲ್ಲ ಅದರೊಳಗೆ ಬರುತ್ತದೆ. ಆದ್ದರಿಂದ ಪಂಪನನ್ನು ಗುಡಿಯ ಒಳಗೆ ಹುಡುಕಬೇಡಿ, ಊರಿಂದ ಹೊರಗೆ ಗದ್ದೆ ಬದುವಿನ ಮೇಲೆ ನಡೆಯಿರಿ. ನೀವು ಆರಿಸಿದ ಸಮಯ ಮಾತ್ರ ಲಾಯಕ್ಕಾಗಿದೆ. ಮಾವು ಹೂ ಬಿಟ್ಟಿರುತ್ತದೆ, ಕೋಗಿಲೆ ಶುರುವಾಗಿರುತ್ತದೆ. ಅವನು ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು ಎಂದಿದ್ದು ಈ ತಿಂಗಳನ್ನು ನೆನೆದೇ ಇರಬೇಕು, ಜುಲೈ ತಿಂಗಳ ಕೆಸರನ್ನಲ್ಲ.

ಈಗ ಗುಡಿ. ಬೆಳಿಗ್ಗೆ ಏಳೂವರೆ ಎಂಟಕ್ಕೆ ಒಳಗಿರಿ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವುದುಂಟು, ಜೊತೆಗೆ ಅಂಗಳದ ಹಾಸುಗಲ್ಲು ಹನ್ನೊಂದರ ಮೇಲೆ ಬರಿಗಾಲಲ್ಲಿ ನಿಲ್ಲಲು ಬಿಡುವುದಿಲ್ಲ. ದಪ್ಪ ಕಾಲುಚೀಲ ತಂದುಕೊಳ್ಳಿ.

ಎಲ್ಲರೂ ನೇರ ಒಳಗೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ, ಮೊದಲು ಅಂಗಳದಲ್ಲಿರುವ ಐದು ಹೆಡೆಯ ನಾಗರಕಲ್ಲಿನ ಹತ್ತಿರ ಹೋಗಿ. ಬನವಾಸಿಯ ತೀರಾ ಹಳೆಯ ಬರಹಗಳಲ್ಲಿ ಅದೊಂದು. ಕದಂಬರಿಗಿಂತ ಮುಂಚಿನ ಚುಟು ವಂಶದ ಸಾತಕರ್ಣಿ ರಾಜನ ಕಾಲದ್ದು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ರಾಜನ ಮಗಳು ಒಂದು ನಾಗ, ಒಂದು ಕೆರೆ, ಒಂದು ವಿಹಾರ ಮಾಡಿಸಿದಳು ಎಂದಿದೆ. ಕಡೆಯಲ್ಲಿ ಶಿಲ್ಪಿಯ ಹೆಸರೂ ಇದೆ: ನಟಕ. ಅವನ ಗುರುವಿನ ಹೆಸರೂ ಇದೆ. ಕೆರೆ ತೋಡಿಸಿದ ಮಾತು ಬನವಾಸಿಯ ಇಷ್ಟು ಹಳೆಯ ಕಲ್ಲಿನಲ್ಲೇ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮರುದಿನ ಹತ್ತಿರದ ಗುಡ್ನಾಪುರದ ಕೆರೆ ನೋಡುವಾಗ ಬೇಕಾಗುತ್ತದೆ.

ಆಮೇಲೆ ನೃತ್ಯಮಂಟಪದ ಕಂಬಗಳು. ಚರಕಿಗೆ ಹಚ್ಚಿ ತಿರುಗಿಸಿದಂತೆ ನಯ ಮಾಡಿದ ಕಂಬ. ಉಬ್ಬಿದ ಪಟ್ಟಿಯಲ್ಲಿ ಒಂದು ಥರ, ತಗ್ಗಿದ ಪಟ್ಟಿಯಲ್ಲಿ ಇನ್ನೊಂದು ಥರ ನಿಮ್ಮ ಪ್ರತಿಬಿಂಬ ಕಾಣುತ್ತದೆ, ತಗ್ಗಿನಲ್ಲಿ ತಲೆಕೆಳಗಾಗುತ್ತದೆ. ಹತ್ತಿರ ಹೋಗಿ ಮೂಗು ತಾಗಿಸಿದರೆ ಏನೂ ಕಾಣದು. ಎರಡು ಮಾರು ಹಿಂದೆ ನಿಂತು, ಬೆನ್ನ ಹಿಂದೆ ಬೆಳಕಿರುವಂತೆ ನೋಡಿಕೊಂಡು ನಿಧಾನಕ್ಕೆ ಆಚೀಚೆ ಸರಿಯಿರಿ. ಮಂಟಪದ ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ ಎನ್ನುತ್ತಾರೆ. ಅದನ್ನು ನೋಡಬೇಕಾದರೆ ನಂದಿಯ ಹಿಂದೆ ಬಗ್ಗಿ ಕಂಬಗಳ ನಡುವಿನ ಸಾಲು ಹಿಡಿಯಬೇಕು.

ಪ್ರದಕ್ಷಿಣೆಯ ಸುತ್ತಿನಲ್ಲಿ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಅರ್ಧ ಗಣಪತಿ ಬೇರೆ ಇದ್ದಾನೆ. ಸೋದೆ ಅರಸರು ಕೊಟ್ಟ ಕಲ್ಲಿನ ಮಂಚವನ್ನು ಎಲ್ಲರೂ 'ಆಹಾ' ಎಂದು ನೋಡಿ ಮುಂದೆ ಹೋಗುತ್ತಾರೆ. ಅದರ ಕಾಲು, ಮೇಲಿನ ಚೌಕಟ್ಟು ನೋಡಿ: ಮರಗೆಲಸದ ಬೆಸುಗೆ, ಕುಸುರಿ ಎಲ್ಲವನ್ನೂ ಹಾಗೆಯೇ ಕಲ್ಲಿಗೆ ಇಳಿಸಿದ್ದಾನೆ. ಬಡಗಿಯ ಕೆಲಸ ಬಲ್ಲವರು ಗುಂಪಿನಲ್ಲಿದ್ದರೆ ಅವರನ್ನು ಅಲ್ಲಿ ನಿಲ್ಲಿಸಿ ಮಾತಾಡಿಸಿ.

ಅಲ್ಲಮನನ್ನು ಮರೆಯಬೇಡಿ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವುದು ಇದೇ ಮಧುಕೇಶ್ವರನ ಗುಡಿಯಲ್ಲಿ, ಮಾಯಾದೇವಿ ಬನವಾಸಿಯ ಅರಸ ಮಮಕಾರನ ಮಗಳು. ಒಂದೇ ಊರು ಒಬ್ಬ ಕವಿಗೆ ಸ್ವರ್ಗ, ಇನ್ನೊಬ್ಬ ಕವಿಗೆ ಮಾಯೆಯ ಮನೆ. ನಿಮ್ಮ ಓದುಗರ ಬಳಗಕ್ಕೆ ಒಂದು ಸಂಜೆಯ ಜಗಳಕ್ಕೆ ಇಷ್ಟು ಸಾಕು.

ಘಟ್ಟದ ಕೆಳಗಿನವ (ಕುಮಟಾ):

ಬನವಾಸಿಗೆ ಎರಡು ದಿನ ಯಾಕೆ ಮಾರಾಯ್ರೆ? ಎರಡು ತಾಸು ಸಾಕು. ಬೆಳಿಗ್ಗೆ ಗುಡಿ ಮುಗಿಸಿ ಸಿದ್ದಾಪುರದ ಮೇಲೆ ಜೋಗಕ್ಕೆ ಹೋಗಿ, ಮರುದಿನ ಸಹಸ್ರಲಿಂಗ, ಯಾಣ ಎರಡೂ ಮಾಡಿಕೊಂಡು ದೇವಿಮನೆ ಘಟ್ಟ ಇಳಿಯಿರಿ. ಹನ್ನೊಂದು ಜನರ ಗಾಡಿ ಬಾಡಿಗೆ ಕೊಟ್ಟಮೇಲೆ ನಾಲ್ಕು ಊರು ನೋಡದಿದ್ದರೆ ಹೇಗೆ?

ಕರಡದ ಬೇಣ (ಶಿರಸಿ):

ನಾಲ್ಕು ಊರು ನೋಡಬಹುದು, ಗಾಡಿಯ ಕಿಟಕಿಯಿಂದ. ಫೆಬ್ರವರಿ ಕೊನೆಗೆ ಜೋಗದಲ್ಲಿ ನೀರಿನ ಗೆರೆಗಳಷ್ಟೇ ಇರುತ್ತವೆ. ಯಾಣದ ಮೆಟ್ಟಿಲು ಮಂಡಿನೋವಿನವರಿಗೆ ಆಗದು. ಸಹಸ್ರಲಿಂಗ ಮಾತ್ರ ಈ ತಿಂಗಳಿಗೆ ಸರಿ, ಶಾಲ್ಮಲೆಯಲ್ಲಿ ನೀರು ಇಳಿದು ಲಿಂಗಗಳು ಹೊರಗೆ ಬಂದಿರುತ್ತವೆ. ಆದರೆ ಅದು ಶಿರಸಿಯಿಂದ ಯಲ್ಲಾಪುರ ದಿಕ್ಕಿಗೆ, ಬನವಾಸಿಯ ವಿರುದ್ಧ ದಿಕ್ಕು. ಅದನ್ನು ವಾಪಸ್ ಹೋಗುವ ದಾರಿಗೆ ಇಟ್ಟುಕೊಳ್ಳಿ, ಯಲ್ಲಾಪುರ–ಅಂಕೋಲಾ ಮೇಲೆ ಇಳಿದರೆ ಕಾರವಾರಕ್ಕೆ ಸುತ್ತೇನೂ ಅಲ್ಲ.

ಹೊರಡುವುದು ಹೀಗೆ. ಕಾರವಾರದಿಂದ ಕುಮಟಾ, ದೇವಿಮನೆ, ಶಿರಸಿ ಮೇಲೆ ಬನವಾಸಿ ಅಂದಾಜು 150 ಕಿ.ಮೀ. ಘಟ್ಟದ ತಿರುವು ಲೆಕ್ಕ ಹಿಡಿದರೆ ನಾಲ್ಕು ತಾಸು. ಅದೇ ದಿನ ಬೆಳಿಗ್ಗೆ ಹೊರಟರೆ ಗುಡಿ ತಲುಪುವುದು ಬಿಸಿಲಿಗೆ. ಶುಕ್ರವಾರ ಸಂಜೆಯೇ ಶಿರಸಿಗೆ ಬಂದು ಮಲಗಿ. ಅಲ್ಲಿಂದ ಬನವಾಸಿ 22-24 ಕಿ.ಮೀ., ಮುಕ್ಕಾಲು ತಾಸು. ಕುಮಟಾ–ಶಿರಸಿ ರಸ್ತೆಯನ್ನು ಅಗಲೀಕರಣದ ಕೆಲಸಕ್ಕೆ ಆಗಾಗ ಮುಚ್ಚಿದ್ದುಂಟು, ಹೊರಡುವ ಹಿಂದಿನ ದಿನ ಕೇಳಿಕೊಳ್ಳಿ. ವಸತಿಗೆ ಎರಡು ತೊಡಕು: ಒಂದು ಬನವಾಸಿಯ ಕದಂಬೋತ್ಸವ, ಇನ್ನೊಂದು ಶಿರಸಿಯ ಮಾರಿಕಾಂಬಾ ಜಾತ್ರೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ-ಮಾರ್ಚ್‌ನಲ್ಲಿ. 2022, 2024ರಲ್ಲಿ ಆಗಿದೆ, ಆ ಲೆಕ್ಕದಲ್ಲಿ ಮುಂದಿನದನ್ನು ನೋಡಿಕೊಳ್ಳಿ. ಆ ವಾರ ಶಿರಸಿಯಲ್ಲಿ ಚಾಪೆ ಹಾಸಲೂ ಜಾಗ ಸಿಗದು.

ಈಗ ನಡಿಗೆ. ಬನವಾಸಿಯ ಸುತ್ತ ಇರುವುದು ಬೇಣವಲ್ಲ, ಬಯಲು. ಶಿರಸಿಯಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ, ಅಡಿಕೆ ತೋಟ ತೆಳುವಾಗಿ ಗದ್ದೆ, ಗೋವಿನಜೋಳ, ಅನಾನಸ್ ಶುರುವಾಗುತ್ತದೆ. ಕರಡ ಎಂಬ ಹುಲ್ಲು ಬೆಳೆಯುವ ಬೇಣ ಬೇಕಾದರೆ ಶಿರಸಿಯಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನ ಕಡೆ ಹೋಗಬೇಕು. ಹಾಗಾಗಿ ಎರಡು ನಡಿಗೆ ಮಾಡಿ: ಶನಿವಾರ ಬನವಾಸಿಯಲ್ಲಿ ಬಯಲಿನದ್ದು, ಭಾನುವಾರ ಬೇಣದ್ದು.

ಬಯಲಿನದ್ದು ಎಲ್ಲರಿಗೂ ಆಗುತ್ತದೆ. ವರದೆ ಊರನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತಾಳೆ. ಗುಡಿಯಿಂದ ಹೊಳೆಗೆ ಇಳಿದು, ದಂಡೆ ಬಿಡದೆ ಬಳಸಿ, ಹಳೆಯ ಕೋಟೆಯ ಗುರುತು ಇರುವ ಕಡೆಯಿಂದ ಊರೊಳಗೆ ಬನ್ನಿ. ಕೋಟೆ ಅಂದಕೂಡಲೇ ಮಿರ್ಜಾನ ಕೋಟೆಯ ಹಾಗೆ ಬುರುಜು ನಿರೀಕ್ಷಿಸಬೇಡಿ. ಮಣ್ಣು ಮುಚ್ಚಿದ ದಿಬ್ಬ, ಅದರ ಹೊರಗೆ ಕಂದಕದ ತಗ್ಗು, ಅಲ್ಲಲ್ಲಿ ಹಳೆಯ ಇಟ್ಟಿಗೆ. ಇಂದಿನ ಇಟ್ಟಿಗೆಗಿಂತ ಬಹಳ ದೊಡ್ಡದು, ನೋಡಿದ ಕೂಡಲೇ ತಿಳಿಯುತ್ತದೆ. ಚೂರೂ ಎತ್ತಿಕೊಳ್ಳಬೇಡಿ. ಗದ್ದೆಬದು ಹಿಡಿದು ಹೋಗುವಾಗ ಒಬ್ಬರ ಹಿಂದೆ ಒಬ್ಬರು. ಬದು ಮುರಿದರೆ ಮುಂದಿನ ಮಳೆಗೆ ಗದ್ದೆಯ ನೀರು ನಿಲ್ಲದು, ರೈತ ಬಯ್ಯುವುದು ಅದಕ್ಕೆ. ಅನಾನಸ್ ತೋಟದ ಅಂಚಿನಲ್ಲಿ ಎಲೆಯ ಮುಳ್ಳು ಸೀರೆ, ಪಂಚೆ ಹಿಡಿಯುತ್ತದೆ.

ಭಾನುವಾರದ್ದು ಗಟ್ಟಿ ಕಾಲಿನವರಿಗೆ. ಬೇಣಕ್ಕೆ ಗುರುತು ಹಾಕಿದ ದಾರಿ ಇರುವುದಿಲ್ಲ, ದನದ ದಾರಿಯೇ ದಾರಿ. ನಮ್ಮಲ್ಲಿ ತೋಟ ಇದ್ದವರಿಗೆ ಸೊಪ್ಪಿಗೆ, ದರಕಿಗೆ (ಉದುರಿದ ಒಣ ಎಲೆ) ಅಂತ ಬೆಟ್ಟ ಬಿಟ್ಟಿರುತ್ತಾರೆ; ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಎನ್ನುವುದು ಹಳೆಯ ಲೆಕ್ಕ. ಭೂಮಿ ಸರ್ಕಾರದ್ದೇ ಆದರೂ ಅನುಭೋಗ ಆ ಮನೆಯವರದ್ದು. ಬೇಣದ್ದೂ ಅದೇ ಕತೆ, ಯಾವುದೂ ಬಿದ್ದ ಜಾಗ ಅಲ್ಲ. ಹತ್ತಿರದ ಮನೆಯ ಅಂಗಳದಲ್ಲಿ ನಿಂತು ಒಂದು ಮಾತು ಕೇಳಿ. ಬೇಡ ಅನ್ನುವವರು ಕಡಿಮೆ. ಕೇಳದೆ ಹೋದರೆ ನಾಯಿ ಮೊದಲು ಮಾತಾಡುತ್ತದೆ. ದಣಪೆ (ಗಳು ಅಡ್ಡ ಹಾಕಿದ ಬೇಲಿಬಾಗಿಲು) ತೆಗೆದು ಒಳಗೆ ಹೋದರೆ ಗಳುಗಳನ್ನು ಇದ್ದ ಹಾಗೆಯೇ ಮತ್ತೆ ಹಾಕಿ. ಒಂದೇ ಗಳು ಬಿಟ್ಟರೂ ಸಂಜೆಯೊಳಗೆ ದನ ತೋಟಕ್ಕೆ ಇಳಿಯುತ್ತದೆ, ಅಡಿಕೆ ಸಸಿ ಹೋಗುತ್ತದೆ. ಬೆಟ್ಟದ ಗಡಿಗೆ ತೋಡಿದ ಅಗಳವನ್ನು ಹಾರಬೇಡಿ, ಅಂಚು ಸಡಿಲ ಇರುತ್ತದೆ. ಕುಳಿತು ಇಳಿದು ಹತ್ತಿ.

ಕರಡ ಕೊಯ್ಲು ನವೆಂಬರ್-ಡಿಸೆಂಬರ್‌ನಲ್ಲೇ ಆಗಿರುತ್ತದೆ. ನೀವು ಬರುವಾಗ ಉಳಿಯುವುದು ಕೂಳೆ. ರಬ್ಬರ್ ಚಪ್ಪಲಿಯ ಬದಿಯಿಂದ ಚುಚ್ಚುತ್ತದೆ, ಬೂಟೇ ಬೇಕು. ಅದಕ್ಕಿಂತ ಹೆಚ್ಚು ಬೀಳಿಸುವುದು ಚೀರೆಕಲ್ಲಿನ ಹರಳು. ಗಟ್ಟಿ ನೆಲದ ಮೇಲೆ ಕಡಲೆಕಾಳು ಹರಡಿದ ಹಾಗೆ ಇರುತ್ತದೆ, ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಹಿಮ್ಮಡಿ ಊರಿದ ಕೂಡಲೇ ಕಾಲು ಮುಂದೆ ಹೋಗುತ್ತದೆ. ಇಳಿಜಾರಿನಲ್ಲಿ ಪಾದ ಅಡ್ಡ ಇಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಹೆಜ್ಜೆ ಸಣ್ಣದು ಮಾಡಿ. ಕೈಯಲ್ಲಿ ಎದೆಮಟ್ಟದ ದೊಣ್ಣೆ ಇರಲಿ. ತೋಟದೊಳಗೆ ಅಡಿಕೆ ಮರದ ಸಂಕ (ಕಾಲುಸೇತುವೆ) ಬಂದರೆ ಒಬ್ಬೊಬ್ಬರೇ ದಾಟಿ. ಬೆಳಗಿನ ಇಬ್ಬನಿಗೆ ಅದು ಎಣ್ಣೆ ಸವರಿದ ಹಾಗೆ, ಇಬ್ಬರು ಹತ್ತಿದರೆ ತೂಗುತ್ತದೆ ಬೇರೆ.

ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಹತ್ತೂವರೆಗೆ ನೆರಳು ಸೇರಿ. ಬೇಣದಲ್ಲಿ ಮರ ಕಡಿಮೆ, ಹನ್ನೊಂದರ ಬಿಸಿಲಿಗೆ ತಲೆ ಸುತ್ತುತ್ತದೆ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಬೀಡಿ, ಸಿಗರೇಟು, ಕರ್ಪೂರ ಯಾವುದಕ್ಕೂ ಬೆಂಕಿ ಹಚ್ಚಬೇಡಿ. ಒಣ ಕೂಳೆಗೆ ಒಂದು ಕಿಡಿ ಬಿದ್ದರೆ ಗಾಳಿಯ ಜೊತೆ ಓಡುತ್ತದೆ, ಓಡಿ ಆರಿಸಲು ನಿಮ್ಮಿಂದಾಗದು.

ಕಡಲ ಅಕ್ಕೋರು:

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಉಪಕಾರ. ಜೋಗ ಕೈಬಿಟ್ಟೆವು (ಕುಮಟಾದವರು ಬೇಸರ ಮಾಡಿಕೊಳ್ಳಬೇಡಿ). ಮೂರು ಪ್ರಶ್ನೆ ಉಳಿದವು. ಉಣುಗಿನ ಬಗ್ಗೆ ಯಾರೂ ಹೇಳಲಿಲ್ಲ, ಅದು ಕಚ್ಚಿ ಬರುವ ಮಂಗನ ಕಾಯಿಲೆಯ ಭಯ ನಿಜವೇ? ಬೇಣಕ್ಕೆ ಬರಲಾಗದ ಮೂವರು ಭಾನುವಾರ ಬೆಳಿಗ್ಗೆ ಏನು ಮಾಡುವುದು? ಮತ್ತೆ, ವರದೆ ದಂಡೆಯವರೇ, ಹೊಳೆ ಬದಿ ಕೂತು ಪದ್ಯ ಓದಬೇಕೆಂದಿದೆ. ಯಾರಿಗೂ ಹಳಗನ್ನಡ ನಾಲಿಗೆಗೆ ಹೊರಳುತ್ತಿಲ್ಲ.

ಮದ್ದಿನ ಪೆಟ್ಟಿಗೆ (ಸಿದ್ದಾಪುರ):

ಉಂಬಳದ ಚಿಂತೆ ಬಿಡಿ, ಅದು ಮಳೆಗಾಲದ್ದು, ಫೆಬ್ರವರಿಯಲ್ಲಿ ಇರುವುದಿಲ್ಲ. ಉಂಬಳದಿಂದ ರಕ್ತ ಹೋಗುತ್ತದೆ, ಅಷ್ಟೇ. ಉಣುಗು ಹಾಗಲ್ಲ. ನೀವು ಆರಿಸಿದ ತಿಂಗಳು ಮಾವಿನ ಹೂವಿಗೆ ಎಷ್ಟು ಒಳ್ಳೆಯದೋ ಉಣುಗಿಗೂ ಅಷ್ಟೇ ಒಳ್ಳೆಯದು.

ಮಂಗನ ಕಾಯಿಲೆಯ ವೈರಾಣು ಮೊದಲು ಸಿಕ್ಕಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಬನವಾಸಿಯ ಹೊಳೆ ದಾಟಿದರೆ ಅದೇ ತಾಲೂಕು. ಮಳೆ ನಿಂತ ಮೇಲೆ ಉಣುಗಿನ ಮರಿಗಳು ದರಕಿನ ಮೇಲೆ, ಹುಲ್ಲಿನ ತುದಿಯಲ್ಲಿ ಕಾದು ಕೂರುತ್ತವೆ. ಜನರಿಗೆ ಕಾಯಿಲೆ ಹೆಚ್ಚು ಬರುವುದು ಡಿಸೆಂಬರಿನಿಂದ ಮೇ ವರೆಗೆ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗದೆ ಹೋಗಬಹುದು. ಎಲ್ಲ ಉಣುಗಿನಲ್ಲೂ ವೈರಾಣು ಇರುವುದಿಲ್ಲ, ಎಲ್ಲ ಊರಲ್ಲೂ ಇರುವುದಿಲ್ಲ. ಆದ್ದರಿಂದ ಬರುವುದನ್ನು ಬಿಡಬೇಡಿ, ಮೊದಲು ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆ ಮಾಡಿ 'ಈ ವರ್ಷ ಮಂಗ ಸತ್ತಿದೆಯಾ, ಜ್ವರ ಬಂದಿದೆಯಾ' ಎಂದು ಕೇಳಿ. ಬಂದಿದೆ ಎಂದರೆ ಆ ಕಡೆಯ ಬೇಣ ಬಿಟ್ಟು ಬೇರೆ ಕಡೆ ಹೋಗಿ. ಹಳೆಯ ಲಸಿಕೆಯನ್ನು ಈಗ ನಿಲ್ಲಿಸಿದ್ದಾರೆ, ಅದನ್ನು ನಂಬಿ ಕೂರಬೇಡಿ. ಆರೋಗ್ಯ ಇಲಾಖೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೊಡುತ್ತದೆ. ಹೋಗುವ ಮುಂಚೆ ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು.

ಬಟ್ಟೆ ತಿಳಿಬಣ್ಣದ್ದಿರಲಿ, ಕಪ್ಪಿನ ಮೇಲೆ ಉಣುಗು ಕಾಣದು. ತುಂಬುತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ದರಕಿನ ಮೇಲೆ ಕೂರಲೇಬೇಡಿ, ಫೋಟೋಕ್ಕೂ ಬೇಡ. ಬರಿ ಬಂಡೆ ಸಿಕ್ಕರೆ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಜಾಗದ ಗುರುತು ಹಿಡಿದು ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಸತಿಗೆ ಬಂದ ಕೂಡಲೇ ಹಾಸಿಗೆಯ ಮೇಲೆ ಬೀಳದೆ, ಬಟ್ಟೆ ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಬಿಸಿನೀರು ಮೀಯಿರಿ. ಕಂಕುಳು, ಮಂಡಿ ಹಿಂದೆ, ಸೊಂಟದ ಪಟ್ಟಿ ಕೂರುವ ಜಾಗ, ಕಿವಿ ಹಿಂದೆ ಬೆರಳಾಡಿಸಿ ನೋಡಿ. ಕಚ್ಚಿದ್ದು ಸಿಕ್ಕರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಕೆಳಗೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ, ಉಗುರಲ್ಲಿ ಹೊಸಕುವುದು ಬೇಡ. ಹೊಸಕಿದರೆ ಅದರೊಳಗಿನದ್ದು ನಿಮ್ಮ ಗಾಯಕ್ಕೇ ಬರುತ್ತದೆ.

ಹೋಗಿ ಬಂದ ಮೂರರಿಂದ ಎಂಟು ದಿನದಲ್ಲಿ ದಿಢೀರ್ ಜ್ವರ, ತಲೆನೋವು, ಮೈಕೈ ಮುರಿದ ಹಾಗೆ ಆದರೆ ಕಾರವಾರದ ವೈದ್ಯರಿಗೆ 'ಶಿರಸಿ ಕಡೆ ಕಾಡಿಗೆ ಹೋಗಿದ್ದೆ' ಎಂದು ನೀವೇ ಹೇಳಬೇಕು. ಅವರು ಊಹಿಸಲಾರರು, ಡೆಂಗಿ ಪರೀಕ್ಷೆ ಮಾಡಿ ಕೂರುತ್ತಾರೆ.

ವರದೆ ದಂಡೆ:

ಪದ್ಯದ ವಿಷಯ. ತೊಡಕಾಗುವುದು ಅರ್ಥಕ್ಕಲ್ಲ, ಉಸಿರಿಗೆ. ಪಂಪ ಬನವಾಸಿಯನ್ನು ನೆನೆಯುವ ಎರಡು ಹೆಸರುವಾಸಿ ಪದ್ಯಗಳೂ ಉತ್ಪಲಮಾಲೆ. ಸಾಲಿಗೆ 20 ಅಕ್ಷರ. ಗಣ ಭ-ರ-ನ-ಭ-ಭ-ರ, ಕಡೆಗೆ ಒಂದು ಲಘು ಒಂದು ಗುರು. ಮೊದಲು ಪದ ಬಿಟ್ಟು ಬರಿ ತಾಳ ಹಾಕಿಸಿ: 'ತಾನನ ತಾನತಾ ನನನ ತಾನನ ತಾನನ ತಾನತಾ ನತಾ'. ಐದು ಸಲ ಹೇಳಿದರೆ ನಾಲಿಗೆ ಹದಕ್ಕೆ ಬರುತ್ತದೆ, ಆಮೇಲೆ ಪದ ಕೂರಿಸಿ.

ಎಲ್ಲರೂ ಎಡವುವ ಜಾಗ ಒಂದೇ. 'ಆರಂಕುಸಮಿಟ್ಟೊಡಂ' ಎಂದು ನಾವು ಶಾಲೆಯಿಂದಲೂ ಬಾಯಿಪಾಠ ಮಾಡಿದ ಮಾತು ಪದ್ಯದಲ್ಲಿ ಒಂದು ಸಾಲಿನಲ್ಲಿಲ್ಲ. ಅದರ ಮೊದಲಕ್ಷರ ಹಿಂದಿನ ಪದದ ಜೊತೆ ಸೇರಿ 'ನಾ' ಆಗಿ ಮೂರನೇ ಸಾಲಿನ ಕೊನೆಗಿದೆ. ನಾಲ್ಕನೇ ಸಾಲು 'ರಂಕುಸ' ಎಂದು ಶುರುವಾಗುತ್ತದೆ. ಸಾಲಿನ ಕೊನೆಗೆ ನಿಲ್ಲಿಸಿದರೆ ಪದ ತುಂಡಾಗುತ್ತದೆ, ನಿಲ್ಲಿಸದಿದ್ದರೆ ಉಸಿರು ಸಾಲದು. 'ನಾ' ಅನ್ನು ತುಸು ಎಳೆದು, ಬಿಡದೆ ಮುಂದಕ್ಕೆ ಹೋಗಬೇಕು. ಪ್ರಾಸಕ್ಕೂ ಅದೇ ಬೇಕು: ನಾಲ್ಕೂ ಸಾಲಿನ ಎರಡನೇ ಅಕ್ಷರದ ಹಿಂದೆ ಸೊನ್ನೆ ಕೂತಿದೆ, ಮೊದಲ ಸಾಲಿನ 'ತೆಂಕ', ನಾಲ್ಕನೇ ಸಾಲಿನ 'ರಂಕು' ಕಿವಿಗೆ ಬಡಿಯುವಂತೆ ಓದಿ. ಅಂಕುಶ ಆನೆಗೆ ಹಾಕುವುದು; ತನ್ನ ಮನಸ್ಸನ್ನೇ ಆನೆ ಮಾಡಿ, ಯಾರು ತಿವಿದರೂ ಅದು ಬನವಾಸಿಯ ಕಡೆಗೇ ತಿರುಗುತ್ತದೆ ಎನ್ನುತ್ತಿದ್ದಾನೆ. ಹನ್ನೊಂದು ಜನ ಒಟ್ಟಿಗೆ ಓದಿದರೆ ಬರಿ ಗದ್ದಲ. ಒಬ್ಬರು ಎರಡು ಸಲ ಓದಲಿ, ಉಳಿದವರು ನಾಲ್ಕನೇ ಸಾಲಿಗೆ ಮಾತ್ರ ದನಿ ಕೂಡಿಸಲಿ. ಸಂಜೆ ಐದರ ಮೇಲೆ ಹೊಳೆ ಬದಿ ಹೋಗಿ. ಹೊಳೆ ಬತ್ತಿದ ಹಾಗೆ ಕಂಡರೂ ಮಡು ಇರುತ್ತದೆ, ಈಜು ಬೇಡ.

ಮಂಡಿನೋವಿನವರಿಗೆ ಭಾನುವಾರ ಬೆಳಿಗ್ಗೆ ಗುಡ್ನಾಪುರ. ಬನವಾಸಿಯಿಂದ ಐದು ಕಿ.ಮೀ. ಆಸುಪಾಸು, ಕೆರೆಯ ಬದಿವರೆಗೂ ಗಾಡಿ ಹೋಗುತ್ತದೆ. ಚಳಿಗಾಲದ ಹಕ್ಕಿಗಳು ಫೆಬ್ರವರಿಯಲ್ಲಿ ಇನ್ನೂ ಇರುತ್ತವೆ, ದುರ್ಬೀನು ಇದ್ದರೆ ತನ್ನಿ. ಅಲ್ಲಿ ಸಿಕ್ಕ ಕಂಬದ ಶಾಸನ ಕದಂಬ ರವಿವರ್ಮನದ್ದು. ಅರಮನೆಯ ಹತ್ತಿರ ಕಾಮನಿಗೊಂದು ಗುಡಿ ಕಟ್ಟಿಸಿದ್ದು, ಕೆರೆ, ಗದ್ದೆ ದಾನ ಎಲ್ಲ ಅದರಲ್ಲಿ ಬರುತ್ತದೆ. ಕೆರೆಗೆ ಆಗಿನ ಹೆಸರು ಗುಡ್ಡತಟಾಕ. ಪಂಪನಿಗಿಂತ ನಾನೂರು ವರ್ಷ ಮುಂಚೆಯೇ ಈ ನಾಡಿನಲ್ಲಿ ಕಾಮನಿಗೆ ಗುಡಿ ಇತ್ತು. ಅವನ ಪದ್ಯದಲ್ಲಿ ವಸಂತದ ಹಬ್ಬ ಬರುವ ಜಾಗವನ್ನು ಅಲ್ಲಿ ಕೂತು ಮತ್ತೊಮ್ಮೆ ಓದಿ ನೋಡಿ.

ಶಾಸನ ಓದುವ ಆಸೆ ಇದ್ದರೆ ಒಂದು ಟಾರ್ಚು ತನ್ನಿ. ನೇರ ಬೆಳಕು ಬಿಟ್ಟರೆ ಅಕ್ಷರ ಮಾಯ. ಕಲ್ಲಿಗೆ ತಾಗಿಸುವಷ್ಟು ಓರೆಯಾಗಿ ಬದಿಯಿಂದ ಬಿಟ್ಟರೆ ಗೀರಿನಲ್ಲಿ ನೆರಳು ಕೂತು ಅಕ್ಷರ ಎದ್ದು ಬರುತ್ತದೆ. ಸುಣ್ಣದ ಪುಡಿ, ಸೀಮೆಸುಣ್ಣ, ಎಣ್ಣೆ, ನೀರು ಯಾವುದನ್ನೂ ಸವರಬೇಡಿ. ಗುಡಿ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ, ಮೂರು ಕಾಲಿನ ಕ್ಯಾಮೆರಾ ಸ್ಟ್ಯಾಂಡಿಗೆ ಅನುಮತಿ ಬೇಕು.

ಘಟ್ಟದ ಕೆಳಗಿನವ:

ಬೇಸರ ಏನಿಲ್ಲ. ಆದರೆ ಕನ್ನಡ ಓದುವವರು ಅಷ್ಟು ದೂರ ಬಂದು ತಾಳಗುಂದ ಬಿಡುವುದು ಸರಿಯಾ? ಕದಂಬರ ಕತೆ ಶುರುವಾಗುವುದೇ ಅಲ್ಲಿ.

ವರದೆ ದಂಡೆ:

ಈ ಮಾತು ಒಪ್ಪಿದೆ. ಕಂಚಿಯ ಘಟಿಕೆಗೆ (ವಿದ್ಯಾಪೀಠ) ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದನ್ನು ಹೇಳುವುದು ತಾಳಗುಂದದ ಕಂಬವೇ. ಬರೆದ ಕವಿ ಕುಬ್ಜ. ಸಂಸ್ಕೃತ ಕಾವ್ಯ, ಕಲ್ಲಿನ ಮೇಲೆ. ಪ್ರಣವೇಶ್ವರ ಗುಡಿಯ ಎದುರಿಗೇ ಇದೆ, ಅಕ್ಷರ ದೊಡ್ಡದು, ಬಿಡಿಬಿಡಿಯಾಗಿ ಕಾಣುತ್ತದೆ. ಬನವಾಸಿಯಿಂದ ಆನವಟ್ಟಿ, ಶಿರಾಳಕೊಪ್ಪದ ದಾರಿ. ನಡುವೆ ಕುಬಟೂರಿನ ಕೈಟಭೇಶ್ವರ, ಅಲ್ಲಿಂದ ಮುಂದೆ ಅಲ್ಲಮನ ಬಳ್ಳಿಗಾವಿ. ಶನಿವಾರ ಗುಡಿಯನ್ನು ಹತ್ತೂವರೆಗೆ ಮುಗಿಸಿ ಹೊರಟರೆ ನಾಲ್ಕೂವರೆಗೆ ವಾಪಸ್ ಬಂದು ಹೊಳೆ ದಂಡೆಯ ನಡಿಗೆಗೆ ಸೇರಬಹುದು. ಬಿಸಿಲಿನ ಹೊತ್ತು ಗಾಡಿಯಲ್ಲಿ ಕಳೆದ ಹಾಗೂ ಆಯಿತು. ಆದರೆ ಮೂರೂ ಬೇಡ: ತಾಳಗುಂದ, ಬಳ್ಳಿಗಾವಿ ಸಾಕು. ಕುಬಟೂರಿಗೆ ಇಳಿದರೆ ಹೊತ್ತು ಮುಳುಗುತ್ತದೆ.

ಕರಡದ ಬೇಣ:

ಊಟದ ಮಾತು ಯಾರೂ ಎತ್ತಲಿಲ್ಲ. ಬನವಾಸಿಯಲ್ಲಿ ಹನ್ನೊಂದು ಎಲೆ ಒಮ್ಮೆಲೇ ಹಾಕಲು ಸಣ್ಣ ಖಾನಾವಳಿಯವರಿಗೆ ಹಿಂದಿನ ದಿನ ಹೇಳಿರಬೇಕು. ಭಾನುವಾರ ಬೇಣದ ಹತ್ತಿರದ ಮನೆಯವರು ಊಟ ಹಾಕುವುದಾದರೆ ಅಪ್ಪೆಹುಳಿ (ಮಾವಿನಮಿಡಿಯ ಹುಳಿಸಾರು) ಕೇಳಿ, ಮಿಡಿ ಬರುವ ಕಾಲ. ಆಲೆಮನೆ ನಡೆಯುತ್ತಿದ್ದರೆ ಕಬ್ಬಿನ ಹಾಲು ಕುಡಿಯಿರಿ, ಆದರೆ ಗಾಡಿ ಹತ್ತುವ ಮೊದಲು ಎರಡು ಲೋಟಕ್ಕಿಂತ ಹೆಚ್ಚು ಬೇಡ. ಅಂಕೋಲಾ ಘಟ್ಟದಲ್ಲಿ ಅದು ಹೊರಗೆ ಬರುತ್ತದೆ. ಜೋನಿಬೆಲ್ಲ (ನೀರಾದ ಬೆಲ್ಲ) ಒಯ್ಯುವವರು ಡಬ್ಬಿಯನ್ನು ಬಾಯಿವರೆಗೆ ತುಂಬಿಸಬೇಡಿ, ಹೊಸ ಬೆಲ್ಲ ಬಿಸಿಗೆ ಉಬ್ಬಿ ಮುಚ್ಚಳ ತಳ್ಳುತ್ತದೆ. ಮೂರು ಬೆರಳು ಜಾಗ ಬಿಡಿ.

ಕಡಲ ಅಕ್ಕೋರು:

ಬರೆದುಕೊಂಡೆ. ಶುಕ್ರವಾರ ಸಂಜೆ ಶಿರಸಿ. ಶನಿವಾರ ಗುಡಿ, ತಾಳಗುಂದ, ಬಳ್ಳಿಗಾವಿ, ಹೊಳೆ ದಂಡೆ. ಭಾನುವಾರ ಎಂಟು ಜನ ಬೇಣಕ್ಕೆ, ಮೂವರು ಗುಡ್ನಾಪುರಕ್ಕೆ. ಮಧ್ಯಾಹ್ನ ಶಿರಸಿಯಲ್ಲಿ ಸೇರಿ ಸಹಸ್ರಲಿಂಗದ ಮೇಲೆ ವಾಪಸ್. ಡೇಪಾ ಎಣ್ಣೆಗೂ ಬೇಣದ ವಿಚಾರಣೆಗೂ ಸೋಮವಾರ ಆರೋಗ್ಯ ಕೇಂದ್ರಕ್ಕೆ ಕರೆ ಮಾಡುತ್ತೇನೆ. 'ತಾನನ ತಾನತಾ' ಇವತ್ತಿನಿಂದಲೇ ಶುರು.